ಲೊಚಗುಟ್ಟದ ಹಲ್ಲಿ

ಒಂದಾನೊಂದು ಕಾಲದಲ್ಲಿ, ಅಂದರೆ ಹಿರಿಯರು ಹೇಳಿದ್ದೆಲ್ಲ ನಿಜ ಅಂತ ಜನ ನಂಬುತ್ತಿದ್ದ ಕಾಲದಲ್ಲಿ, ಈಗಲೂ ಅದೇ ಕಾಲ ಅನ್ನು, ಸಮುದ್ರದ ನಡುವೆ ಒಂದು ಚಳಿಯ ದ್ವೀಪ ಇತ್ತಂತೆ. ದಡದ ಜನ ಹೋಗಿ ಅಲ್ಲಿ ಊರು ಕಟ್ಟಿದರಂತೆ. ಬೀಜ ಒಯ್ದರು, ಒನಕೆ ಒಯ್ದರು, ಶಾಸ್ತ್ರವನ್ನೂ ಒಯ್ದರು. ಏನಾದರೂ ಕೇಳುವಾಗ ಹಲ್ಲಿ ಲೊಚಗುಟ್ಟಿದರೆ ಸತ್ಯ, ಆಗಬಹುದು. ಸುಮ್ಮನಿದ್ದರೆ ಸುಳ್ಳು, ಆಗದು. ಹಲ್ಲಿಯನ್ನು ಮಾತ್ರ ಒಯ್ಯಲಿಲ್ಲ. ಅದು ಎಲ್ಲಿ ಹೋದರೂ ಇರುತ್ತೆ ಅಂದುಕೊಂಡಿದ್ದರಂತೆ.

ಆಮೇಲೆ ಹುಡುಕಿ ಹುಡುಕಿ, ಬಂಡೆಯ ಬಿಲದಲ್ಲಿ ಒಂದು ಸಿಕ್ಕಿತಂತೆ. ಮೊಳದುದ್ದ, ಬೆನ್ನ ಮೇಲೆ ಮುಳ್ಳಿನ ಸಾಲು, ಬೆಟ್ಟಕ್ಕಿಂತ ಹಳೇ ಮುಖ. ಊರಗೌಡ ನೋಡಿದವನೇ, ನಮ್ಮದು ದೊಡ್ಡ ಊರು, ಹಲ್ಲಿಯೂ ದೊಡ್ಡದು ಅಂದನಂತೆ. ಚಾವಡಿಯ ಗೋಡೆಯಲ್ಲಿ ಗೂಡು ಮಾಡಿ ಕೂರಿಸಿದರು. ಅದಕ್ಕೆ ಹುಳ ಹಿಡಿದು ಹಾಕೋದು ಒಂದು ಮನೆಯವರ ಪಾಲಿಗೆ ಬಂತು.

ಗೌಡರು ಮೂವರು ಸತ್ತರು, ಅದು ಸಾಯಲಿಲ್ಲ. ಲೊಚಗುಟ್ಟಲೂ ಇಲ್ಲ. ಯಾರು ಏನು ಕೇಳಿದರೂ ಆಗದು. ಗೌಡನ ಮನೆಯವರಿಗೆ ಇದರಿಂದ ತೊಂದರೆ ಆಗಲಿಲ್ಲವಂತೆ. ಅವರು ಕೇಳುತ್ತಲೇ ಇರಲಿಲ್ಲ, ಮಾಡುತ್ತಿದ್ದರು.

ಹುಳ ಹಾಕೋ ಮನೆಯಲ್ಲಿ ಮಾಚಿ ಅಂತ ಒಬ್ಬಳಿದ್ದಳು. ದೋಣಿ ಕಟ್ಟೋ ದೂಮನ ಮೇಲೆ ಅವಳಿಗೆ ಮನಸ್ಸು. ಚಾವಡಿಗೆ ಬಂದು, ದೂಮನನ್ನ ಮದುವೆ ಆಗಲಾ ಅಂತ ಕೇಳಿದಳಂತೆ. ಅದು ಸುಮ್ಮನಿತ್ತು. ದೂಮ ದಡಕ್ಕೆ ಹೊರಟ. ನೀನು ಬರೋವರೆಗೂ ಕಾಯ್ತೀನಿ ಕಣೇ ಅಂದ.

ಏಳೆಂಟು ವರ್ಷ ಕಳೆದ ಮೇಲೆ ಅವಳ ಅವ್ವನಿಗೆ ಜ್ವರ ಬಂತು. ದಡದಿಂದ ವೈದ್ಯರನ್ನ ಕರೆತರ್ತೀನಿ, ದೋಣಿ ತಗೊಂಡು ಹೋಗಲಾ ಅಂತ ಕೇಳಿದಳು. ಅದು ಸುಮ್ಮನೆ ಒಂದು ಜೀರುಂಡೆ ಅಗಿಯಿತು. ಅವ್ವ ಮೂರನೇ ದಿನಕ್ಕೆ ಹೋದಳು.

ಹದಿನಾರು ದಿನ ಕಳೆದ ಮೇಲೆ ಮಾಚಿ ಚಾವಡಿಯಲ್ಲಿ ನಿಂತು, ಇದು ಹಲ್ಲಿಯೇ ಅಲ್ಲ ಅಂದುಬಿಟ್ಟಳಂತೆ. ಹುಳ ಹಾಕಿದವಳು ನಾನು, ನನಗೆ ಗೊತ್ತು. ಇದಕ್ಕೆ ಮೇಲೆ ಎರಡು ಸಾಲು ಹಲ್ಲು. ಬಂಡೆ ಸಂದಿಯಲ್ಲಿ ಇದರ ಮರಿ ನೋಡಿದೀನಿ, ನೆತ್ತಿಯಲ್ಲಿ ಮೂರನೇ ಕಣ್ಣಿದೆ. ಕಿವಿಗೆ ತೂತೇ ಇಲ್ಲ ಗೌಡ್ರೇ, ನಾವು ಯಾರನ್ನ ಕೇಳ್ತಿದ್ದೀವಿ?

ಗೌಡ ಎಲೆಯಡಿಕೆ ಉಗಿದು, ಅದಕ್ಯಾಕೆ ಜಗಳ ತಾಯಿ, ಅದನ್ನೇ ಕೇಳೋಣ ಅಂದ. ಗೂಡಿಗೆ ಕೈಮುಗಿದು, ನೀನು ಹಲ್ಲಿ ಅಲ್ಲ ಅಂತಾಳೆ ಈ ಹುಡುಗಿ, ಸತ್ಯವಾ ಅಂದ. ಅದು ಸುಮ್ಮನಿತ್ತು. ನೋಡಿದ್ರೇನ್ರಪ್ಪಾ, ಸುಳ್ಳು! ಇವಳು ಸಾಯೋವರೆಗೂ ಇಲ್ಲೇ ಇದ್ದು ಹುಳ ಹಾಕ್ಲಿ.

ಹಾಗಂತ ಹಲ್ಲಿ ಹೇಳಿತಾ ಗೌಡ್ರೇ? ಅದನ್ನೂ ಕೇಳಿ ಅಂದಳಂತೆ ಮಾಚಿ.

ಊರೆಲ್ಲ ಗೌಡನ ಮುಖ ನೋಡಿತು. ಬೇರೆ ದಾರಿ ಇಲ್ಲದೆ ಕೇಳಿದ, ಇವಳು ಇಲ್ಲೇ ಇರಬೇಕಾ? ಅದು ಸುಮ್ಮನಿತ್ತು. ಹಿಂದೆ ಕೂತಿದ್ದ ಒಬ್ಬಳು ಮುದುಕಿ ಕಿಸಕ್ಕನೆ ನಕ್ಕಳಂತೆ. ಇಷ್ಟು ಸುಲಭದ ಪ್ರಶ್ನೆ ಅವ್ವ ಬದುಕಿದ್ದಾಗ ಯಾಕೆ ಹೊಳೆಯಲಿಲ್ಲ ಅಂತ ಮಾಚಿ ದೋಣಿ ಹತ್ತಿ ದಡದ ದಾರಿಯುದ್ದಕ್ಕೂ ಅತ್ತಳಂತೆ.

ದಡದಲ್ಲಿ ದೂಮನ ಮನೆ ಹುಡುಕಿ ಹೋದಳು. ಅಂಗಳದಲ್ಲಿ ಮೂರು ಮಕ್ಕಳು ಆಡುತ್ತಿದ್ದವು, ಮೂರಕ್ಕೂ ಅವನದೇ ಮೂಗು. ದೂಮ ತಲೆ ತಗ್ಗಿಸಿ, ನಿನಗೋಸ್ಕರ ತುಂಬ ಕಾದೆ ಮಾಚಿ ಅಂದ. ಗೋಡೆಯ ಮೇಲೆ ಒಂದು ಹಲ್ಲಿ, ನಿಜವಾದ ಹಲ್ಲಿ, ಲೊಚ್ ಲೊಚ್ ಅಂತು. ಅವನ ಹೆಂಡತಿ ನೆಲಕ್ಕೆ ಬೆರಳು ಬಡಿದು, ಕೇಳಿಸ್ತಾ ಅಕ್ಕಾ, ಸತ್ಯ ಅಂದಳು.

ಮಾಚಿ ನೀರು ಕುಡಿದು ಎದ್ದಳಂತೆ.

ಆಮೇಲೆ ಎಲ್ಲರೂ ಸುಖವಾಗಿದ್ದರು. ಇನ್ನು ಮುಂದೆ ಗೌಡ ಕೇಳಿದ್ದಷ್ಟೇ ಪ್ರಶ್ನೆ ಅಂತ ದ್ವೀಪದಲ್ಲಿ ಕಟ್ಟಳೆ ಆಯಿತು. ಗೂಡಿನಲ್ಲಿದ್ದದ್ದು ಇವತ್ತಿಗೂ ಇದೆಯಂತೆ, ಅದಕ್ಕೇನು. ಮಾಚಿ ದಡದಲ್ಲಿ ಬಲೆ ಹೆಣೆದುಕೊಂಡು, ಯಾರನ್ನೂ ಏನೂ ಕೇಳದೆ ಬದುಕಿದಳು.

ಕತೆ ಮುಗೀತು, ಮಲ್ಕೋ ಕೂಸೇ. ನಿಜವಾ ಅಜ್ಜಿ ಅಂತ ಮಾತ್ರ ಕೇಳಬೇಡ. ಗೋಡೆ ಮೇಲೆ ಒಂದು ಕೂತಿದೆ.