ಎಣ್ಣೆದೊಣೆ

ಕರಡಿಗುಡ್ಡದ ನೆತ್ತಿಯಲ್ಲಿ, ಬಂಡೆಗಳ ನಡುವೆ ಮಳೆನೀರು ನಿಲ್ಲುವ ಆಳವಾದ ಹೊಂಡವೊಂದಿದೆ. ಅದಕ್ಕೆ ಎಣ್ಣೆದೊಣೆ ಎಂದು ಹೆಸರು. ಈಗ ದೊಣೆಯವರೆಗೂ ಕಾರು ಹೋಗುತ್ತದೆ. ಶೌಚಾಲಯ ಮಾತ್ರ ಇಲ್ಲ. ಕಳೆದ ಭಾನುವಾರ ಅಲ್ಲಿ ಕಂಡದ್ದನ್ನು ಹೇಗೆ ಬರೆಯುವುದೋ ತಿಳಿಯದು. ಓದುಬರಹ ಬಲ್ಲ ಕುಟುಂಬಗಳು ದೊಣೆಗಿಳಿದು ತಲೆಗೆ ಶಾಂಪೂ ತಿಕ್ಕಿಕೊಳ್ಳುತ್ತಿದ್ದವು! ನೀರು ಮಿರುಗುವುದರಿಂದ ಈ ಹೆಸರು ಬಂದಿತೆಂದು ಅಲ್ಲಿನ ಫಲಕದಲ್ಲಿ ಬರೆದಿದೆ. ಅದು ತಪ್ಪು.

ಹಿಂದೆ ಒಮ್ಮೆ ಈ ಸೀಮೆಯನ್ನು ಕೆಂಚಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ದೊಣೆಯ ನೀರು ಬಂಡೆಯ ಸೀಳಿನಲ್ಲಿ ಜಿನುಗಿ ಗುಡ್ಡದ ಬುಡದ ಕಲ್ಲುಬಾನಿಗೆ ಬೀಳುತ್ತಿತ್ತು. ಅಲ್ಲಿದ್ದ ಕುರುಬರ ಹಟ್ಟಿಗೆ ಬೇರೆ ನೀರಿರಲಿಲ್ಲ. ಆದ್ದರಿಂದ ಗುಡ್ಡ ಹತ್ತಿದವರು ದೊಣೆಯಲ್ಲಿ ಕಾಲನ್ನೂ ಅದ್ದದೆ, ಸೋರೆಬುರುಡೆಯಲ್ಲಿ ಮೊಗೆದು ಕುಡಿಯುವುದು ವಾಡಿಕೆಯಾಗಿತ್ತು. ಮಗಳ ಮದುವೆಯಲ್ಲಿ ನಾಯಕನಿಗೆ ಬೀಗರೆದುರು ಮೆರೆಯುವ ಹಂಬಲ ಹುಟ್ಟಿತು. ಬಂಡೆಗೆ ಮೆಟ್ಟಿಲು ಕಡಿಸಿ, ಬೀಗರಿಗೆಲ್ಲ ದೊಣೆಯಲ್ಲೇ ಹರಳೆಣ್ಣೆಯ ಅಭ್ಯಂಜನ ಮಾಡಿಸಿದ. ಅವರು ಹೊಗಳಿದರು. ಅವರ ನೆಂಟರೂ ಬಂದರು, ನೆಂಟರ ನೆಂಟರೂ ಬಂದರು. ಪ್ರತಿ ಹಬ್ಬಕ್ಕೂ ಗುಡ್ಡದ ಮೇಲೆ ಮೀಯುವವರ ಸಾಲು. ಹಟ್ಟಿಯ ಮಕ್ಕಳಿಗೆ ಹೊಟ್ಟೆನೋವು ಹತ್ತಿತು. ಆಗ ಹಟ್ಟಿಯ ಹಿರಿಯಳಾದ ಈರಕ್ಕ ನಾಯಕನ ಎದುರು ಬಂದು ನಿಂತಳು.

"ಬುದ್ಧೀ, ನಿಮ್ಮ ಬೀಗರ ಬೆನ್ನಿನ ಜಿಡ್ಡು ನಮ್ಮ ಗಡಿಗೆಗೆ ಇಳೀತೈತೆ."

"ಒಳ್ಳೇದೇ ಆತಲ್ಲ, ಒಗ್ಗರಣೆ ಎಣ್ಣೆ ಉಳೀತು!" ಎಂದು ನಾಯಕ ನಕ್ಕ. ನೆರೆದವರೂ ನಕ್ಕರು.

ಮುಂದಿನ ಹಬ್ಬದ ಪಂಕ್ತಿಯಲ್ಲಿ ಈರಕ್ಕನೇ ಬಾನಿಯ ನೀರು ತಂದು ಬಡಿಸಿದಳು. ಹಿರಿಯ ಬೀಗ ಒಂದು ಗುಟುಕು ಕುಡಿದು ಎಲೆಯ ಮೇಲೆಯೇ ಉಗುಳಿದ.

"ಥೂ! ಏನಮ್ಮಾ ಇದು?"

"ನೀವು ಮಿಂದ ನೀರೇ, ಸ್ವಾಮಿ. ನಮ್ಮ ಮಕ್ಕಳು ದಿನಾ ಕುಡೀತಾವೆ."

ಪಂಕ್ತಿಯಲ್ಲಿ ಯಾರೂ ತುತ್ತೆತ್ತಲಿಲ್ಲ. ನಾಯಕ ಅಂದೇ ಅಭ್ಯಂಜನ ನಿಲ್ಲಿಸಿದನಾದರೂ ಆ ಬೇಸಿಗೆಯಿಡೀ ಜಿಡ್ಡು ಹೋಗಲಿಲ್ಲ. ಮಳೆಗಾಲದವರೆಗೆ ಕಾಯಲಾಗದೆ ಹಟ್ಟಿಯವರು ಗಡಿಗೆಗಳನ್ನು ಹೊತ್ತು ಸೀಮೆಯನ್ನೇ ಬಿಟ್ಟು ಹೋದರು ಎನ್ನುತ್ತಾರೆ. ಹೆಸರು ಮಾತ್ರ ಉಳಿಯಿತು.

ಹಟ್ಟಿಯಿದ್ದ ಜಾಗದಲ್ಲಿ ಇಂದು ಟಿಕೆಟ್ ಕೌಂಟರ್ ಇದೆ. ಅದರ ಪಕ್ಕದಲ್ಲಿಯೇ ಕಲ್ಲುಬಾನಿ. ಈಗಲೂ ಹನಿ ಬೀಳುತ್ತದೆ. ಅಂಚಿನ ಮೇಲೆ ಬೆರಳಾಡಿಸಿದರೆ ಜಿಡ್ಡು ಹತ್ತುತ್ತದೆ. ಅದು ನಾಯಕನ ಕಾಲದ ಎಣ್ಣೆಯೆಂದು ಗೈಡು ತೋರಿಸುತ್ತಾನೆ, ಬಂದವರು ಬೆರಗಿನಿಂದ ಮುಟ್ಟಿ ನೋಡುತ್ತಾರೆ. ಬೆರಳನ್ನು ಮೂಸಿದರೆ ಶಾಂಪೂವಿನ ವಾಸನೆ.