ರುಚಿ ಪುಸ್ತಕ

ಶಾಲೆಯ ಛಾವಣಿಯಿಂದ ಎರಡು ಸಲ ಸಿಮೆಂಟು ಉದುರಿತ್ತು. ಮಕ್ಕಳನ್ನು ಬಿಡಿಸಿ ಬೇರೆ ಕಡೆ ಹಾಕೋಣವೇ ಎಂದು ಪಾಲಕರು ಮಾತಾಡಿಕೊಳ್ಳತೊಡಗಿದರು. ಸುದ್ದಿ ತಿಳಿದು ಶಿಕ್ಷಣ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದಿಳಿದು ಪಾಲಕರನ್ನೆಲ್ಲ ಶಾಲೆಯ ಮುಂದೆ ಸೇರಿಸಿದರು.

"ಶಾಲೆ ಉತ್ತಮವಾಗಿದೆ ಅಂತ ಬರೆದು ತಂದಿದ್ದೇನೆ. ಎಲ್ಲರೂ ಸಹಿ ಹಾಕಿ. ಹಾಕದವರ ಮಕ್ಕಳಿಗೆ ಟಿ.ಸಿ. ಸಿಗೋದಿಲ್ಲ!"

ಮೊದಲು ಕರೆದದ್ದು ಬಿಸಿಯೂಟದ ಅಡುಗೆ ಮಾಡುವ ಹುಲಿಗೆವ್ವನನ್ನು. ಅವಳ ಮಗಳೂ ಅಲ್ಲೇ ಮೂರನೇ ತರಗತಿ.

"ಹಾಕ್ತೀನ್ರಿ ಸಾಹೇಬ್ರ," ಎಂದವಳೇ ಅಡುಗೆಕೋಣೆಯಿಂದ ರುಚಿ ಪುಸ್ತಕ ತಂದಳು. "ಮಕ್ಕಳಿಗೆ ಬಡಿಸೂಕಿಂತ ಮೊದಲು ದೊಡ್ಡವರು ಉಂಡು ನೋಡಿ ಇದರಾಗ ಸಹಿ ಮಾಡ್ಬೇಕು. ನಿಮ್ಮ ಇಲಾಖೆದ ಕಾಯ್ದೆ ಐತ್ರಿ. ಹಂಗ ಮಕ್ಕಳು ಕುಂಡ್ರೂ ಈ ಖೋಲಿನೂ ರುಚಿ ನೋಡ್ರಿ. ಒಳಗ ಅರ್ಧ ತಾಸು ಕುಂತು ನೀವು ಮೊದಲು ಸಹಿ ಮಾಡ್ರಿ. ನಿಮ್ಮ ಹಿಂದ ನಾವೆಲ್ಲಾ ಮಾಡ್ತೀವಿ."

ಸಾಹೇಬರು ಹೊಸ್ತಿಲಲ್ಲಿ ನಿಂತು ತಲೆಯೆತ್ತಿದರು. ಛಾವಣಿಯ ಕಬ್ಬಿಣದ ಸರಳು ಹೊರಗೆ ಕಾಣುತ್ತಿತ್ತು. ಎತ್ತಿದ ಕಾಲು ಹಿಂದಕ್ಕೇ ಬಂತು.

"ನನಗೆ ಮೀಟಿಂಗ್ ಇದೆ," ಎಂದು ಜೀಪು ಹತ್ತಿದರು. ಜನ ಬಿದ್ದು ಬಿದ್ದು ನಕ್ಕರು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಸಾಲಾಗಿ ಅದೇ ಖೋಲಿಯೊಳಗೆ ಹೋದರು. ಶಾಲೆಯಲ್ಲಿ ಪಾಠಕ್ಕೆ ಇದ್ದದ್ದು ಅದೊಂದೇ ಖೋಲಿ. ಸಾಲಿನ ಮುಂದೆ ಹುಲಿಗೆವ್ವನ ಮಗಳಿದ್ದಳು.