ಮೂರನೆಯ ದಿನ ಬಿಚ್ಚಿದ ತೊಗಲು

ಪೂಜ್ಯ ಜಕ್ಕಪ್ಪ ಅಜ್ಜನವರಿಗೆ ಮಠವಿರಲಿಲ್ಲ, ಗದ್ದುಗೆಯೂ ಇರಲಿಲ್ಲ. ಡೋಣಿ ಸೀಮೆಯ ಎರೆಹೊಲಗಳಲ್ಲಿ ಕುರಿಹಿಂಡು ಎಲ್ಲಿ ತಂಗುತ್ತದೋ ಅಲ್ಲಿಯೇ ಅವರ ಬಿಡಾರ. ಒಮ್ಮೆ ಊರ ಗೌಡರು ಬಂದು, ಅಜ್ಜನವರಿಗೆ ಕಲ್ಲಿನ ಮಠ ಕಟ್ಟಿಸಿಕೊಡುತ್ತೇವೆಂದು ಕೈಮುಗಿದರಂತೆ. ಅಜ್ಜನವರು "ಕುರಿ ಒಳಗ ಬರಬಹುದೇನ್ರಿ ಗೌಡ್ರ?" ಎಂದು ಕೇಳಿದರು. ಆ ಮಾತು ಅಲ್ಲಿಗೇ ನಿಂತುಹೋಯಿತು.

ಅಂಥವರ ಬಳಿಗೆ ಒಂದು ಮುಂಜಾನೆ ಮಾಳವ್ವ ಎಂಬ ಬಾಣಂತಿ ಹೊಲ ತುಳಿದುಕೊಂಡು ಬಂದಳು. ಕಾಲಲ್ಲಿ ಕಸುವಿರಲಿಲ್ಲ, ಸಿಟ್ಟೇ ಅವಳನ್ನು ನಡೆಸಿಕೊಂಡು ಬಂದಿತ್ತು. ನಾಲ್ಕು ಮಾರು ಹಿಂದೆ ಅವಳ ಅತ್ತೆ ಬೌರವ್ವ, ಮಡಿಲಲ್ಲಿ ಒಂದು ಎಳೆಗೂಸನ್ನು ಹಿಡಿದುಕೊಂಡು ಬರುತ್ತಿದ್ದಳು. ಕೂಸು ಅಳುತ್ತಿತ್ತು, ಆದರೆ ಸದ್ದು ಆಗಲೇ ಕುಗ್ಗಿಹೋಗಿತ್ತು.

ನಡೆದದ್ದು ಇಷ್ಟು. ಬೌರವ್ವನ ಮನೆಯಲ್ಲಿ ಒಂದೇ ವಾರ ಎರಡು ಹೆರಿಗೆಗಳಾದವು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಕಸ್ತೂರಿ ಗಂಡುಮಗುವನ್ನು ಹೆತ್ತು ಕಣ್ಣುಮುಚ್ಚಿದಳು. ಎರಡು ದಿನದ ಮೇಲೆ ಸೊಸೆ ಮಾಳವ್ವನೂ ಗಂಡುಮಗುವನ್ನೇ ಹೆತ್ತಳು. ಮಗುವಿನ ತಲೆಯಲ್ಲಿ ಎರಡು ಸುಳಿ ಕಂಡು ಸೂಲಗಿತ್ತಿ "ಈತಗ ಎರಡು ಮದುವಿ!" ಎಂದು ನಗಾಡಿದ್ದಳು. ಆ ನಗೆಯ ಬೆನ್ನಿಗೇ ಮಾಳವ್ವನಿಗೆ ಜ್ವರ ಏರಿತು, ಮೈಮೇಲಿನ ಎಚ್ಚರ ತಪ್ಪಿತು. ಅವಳು ಕಣ್ಣು ತೆರೆಯುವಷ್ಟರಲ್ಲಿ ಎರಡು ಸುಳಿಯ ಕೂಸು ಮಣ್ಣು ಸೇರಿತ್ತು. ಅದನ್ನು ಯಾರೂ ಅವಳಿಗೆ ಹೇಳಲಿಲ್ಲ. ಅವಳು ಬಸುರಿಯಿದ್ದಾಗ ಕೆಂಪು ದಾರದಲ್ಲಿ ತಾನೇ ಹೊಲಿದಿಟ್ಟಿದ್ದ ಕುಲಾವಿಯನ್ನು ಬೌರವ್ವ ಮಗಳ ಕೂಸಿನ ತಲೆಗೆ ಕಟ್ಟಿ, ಸೊಸೆಯ ಮಗ್ಗುಲಲ್ಲಿ ಮಲಗಿಸಿದಳು. ಕಸ್ತೂರಿಯ ಕೂಸು ಎಲ್ಲಿ ಎಂದು ಸೊಸೆ ಕೇಳಿದ್ದಕ್ಕೆ "ತಾಯಿ ಹಿಂದ ಹೋತವ್ವ" ಎಂದಳು.

ಹನ್ನೊಂದು ದಿನ ಮಾಳವ್ವ ಹಾಲೂಡಿಸಿದಳು. ಎರೆಯುವುದು, ಒರೆಸುವುದು, ಕುಲಾವಿ ಕಟ್ಟುವುದು ಎಲ್ಲ ಅತ್ತೆಯದೇ ಕೆಲಸ. ಹನ್ನೆರಡನೆಯ ದಿನ ಬೌರವ್ವ ನೀರಿಗೆ ಹೋದಾಗ ಕೂಸು ಹಾಲು ಕಕ್ಕಿ ಕುಲಾವಿ ಒದ್ದೆಯಾಯಿತು. ಮಾಳವ್ವ ಬಿಚ್ಚಿ ನೋಡಿದಳು. ತಲೆಯಲ್ಲಿ ಒಂದೇ ಸುಳಿ.

ಆಗ ಕೆಳಗಿಟ್ಟ ಕೂಸನ್ನು ಅವಳು ಮತ್ತೆ ಎತ್ತಿಕೊಂಡಿರಲಿಲ್ಲ. ಒಂದೂವರೆ ದಿನದಿಂದ ಬೌರವ್ವ ಬಟ್ಟೆಯ ಬತ್ತಿಯಲ್ಲಿ ಕುರಿಹಾಲು ಹಿಂಡುತ್ತಿದ್ದಳು; ಕೂಸು ಕುಡಿದದ್ದಕ್ಕಿಂತ ಕಕ್ಕಿದ್ದೇ ಹೆಚ್ಚು.

"ಅಜ್ಜಾ, ನನಗ ಮೋಸ ಮಾಡ್ಯಾರ," ಎಂದಳು ಮಾಳವ್ವ. ಎದೆ ಕಲ್ಲಾಗಿ ನೋಯುತ್ತಿತ್ತು, ಕುಪ್ಪಸ ನೆನೆದಿತ್ತು. "ನನ್ನ ಕೂಸಿನ ಸಲುವಾಗಿ ಅಳಾಕೂ ನನಗ ಬಿಡಲಿಲ್ಲ. ನಾ ನಕ್ಕೋತ ಕುಂತಿದ್ನಲ್ಲಾ, ಜೋಗುಳಾ ಹಾಡಿದ್ನಲ್ಲಾ! ಇನ್ನ ನಾ ಹಾಲು ಕೊಡಾಂಗಿಲ್ಲ. ನ್ಯಾಯ ಹೇಳ್ರಿ."

ಅಜ್ಜನವರು ಎದುರಿಗೆ ಕೈತೋರಿದರು. ಅವರ ಮುಂದೆ ಒಂದು ಕರಿಯ ಕುರಿ ನಿಂತಿತ್ತು. ಅದರ ಕೆಚ್ಚಲಿಗೆ ಬಾಯಿಟ್ಟ ಮರಿಯ ಬೆನ್ನಮೇಲೆ ಕರಿಯ ತೊಗಲೊಂದನ್ನು ದಾರದಿಂದ ಬಿಗಿದಿದ್ದರು. ಮಾಳವ್ವ ಕುರುಬರ ಮಗಳು, ಆ ತೊಗಲು ಏನೆಂದು ಯಾರೂ ಅವಳಿಗೆ ತಿಳಿಸಬೇಕಾಗಿರಲಿಲ್ಲ. ಮರಿ ಸತ್ತ ಕುರಿ ಇನ್ನೊಂದರ ಮರಿಯನ್ನು ಹತ್ತಿರ ಸೇರಿಸುವುದಿಲ್ಲ. ಮೂಸಿ, ಹಾಯ್ದು ಓಡಿಸುತ್ತದೆ. ಅದಕ್ಕೇ ಸತ್ತ ಮರಿಯ ತೊಗಲನ್ನು ತಬ್ಬಲಿ ಮರಿಗೆ ಅಂಗಿಯಂತೆ ತೊಡಿಸುತ್ತಾರೆ. ಕುರಿ ತನ್ನದೇ ಎಂದು ನಂಬಿ ಹಾಲು ಬಿಡುತ್ತದೆ. ಅವಳೇ ಎಷ್ಟೋ ಸಲ ಈ ಕೆಲಸ ಮಾಡಿದ್ದಳು.

ಅವಳು ತಟ್ಟನೆ ಅತ್ತೆಯ ಕಡೆ ತಿರುಗಿದಳು. "ನನ್ನನ್ನ ಕುರಿ ಮಾಡಿದ್ಯಾ ಅತ್ತಿ?"

ಬೌರವ್ವ ಅಲ್ಲಿಯೇ ಕುಸಿದು ಕುಳಿತಳು. "ಹುಟ್ಟಿದಾಗಿಂದ ಕುರಿ ಕಾದಾಕಿ ನಾ, ನನಗ ಮತ್ತೇನ ತಿಳಿತೈತವ್ವಾ? ಮಗಳು ಹೋದ್ಲು. ಇದೊಂದ್ ಉಳೀಲಿ ಅಂದೆ."

"ಬೌರವ್ವಾ, ನೀ ಮಾಡಿದ್ದು ತಪ್ಪು," ಎಂದರು ಅಜ್ಜನವರು. ದನಿ ಏರಲಿಲ್ಲ. ಆದರೆ ಆ ಮುದುಕಿ ನೆಲಕ್ಕೆ ಹಣೆ ಹಚ್ಚಿದಳು. ಆಮೇಲೆ ಅವರು ಮಾಳವ್ವನತ್ತ ನೋಡಿದರು. "ಮರಿಗಿ ಇದನ್ನ ಕಟ್ಟಿ ಇವತ್ತಿಗೆ ಮೂರನೇ ದಿನ. ತೊಗಲು ನೀನ ಬಿಚ್ಚು ಮಗಳ."

ಮಾಳವ್ವ ದಾರ ಬಿಚ್ಚಿದಳು. ಒಣಗಿ ಬಿರುಸಾದ ತೊಗಲು ಕಳಚಿ ಬಂತು. ಒಳಗಿನಿಂದ ಬೆಳ್ಳನೆಯ ಮರಿಯೊಂದು ನಡುಗುತ್ತ ಹೊರಬಿತ್ತು. ಕರಿಯ ಕುರಿ ಅದನ್ನು ನೋಡಿತು, ಮುಂಗಾಲಿನಿಂದ ನೆಲ ಗುದ್ದಿತು, ತಲೆ ತಗ್ಗಿಸಿ ಹಾಯ್ದುಬಿಟ್ಟಿತು. ಮರಿ ಉರುಳಿಬಿತ್ತು.

"ನೋಡ್ರಿ ಅಜ್ಜಾ! ಅದಕ್ಕೂ ತಿಳೀತು," ಎಂದಳು ಮಾಳವ್ವ. ಗೆದ್ದವಳಂತೆ ಹೇಳಿದಳು, ಆದರೆ ಕಣ್ಣು ತುಂಬಿಕೊಂಡಿತು.

ಬಿದ್ದ ಮರಿ ಎದ್ದು, ಹಸಿವಿಗೆ ಮಾನ ಎಲ್ಲಿಯದು, ಮತ್ತೆ ಕೆಚ್ಚಲಿನತ್ತ ನುಗ್ಗಿತು. ಕುರಿ ಈ ಸಲ ಹಾಯಲಿಲ್ಲ. ಕುತ್ತಿಗೆ ಹೊರಳಿಸಿ ಮರಿಯ ಬಾಲದ ಬುಡವನ್ನು ಮೂಸಿತು, ಬಹಳ ಹೊತ್ತು ಮೂಸಿತು. ಕೊನೆಗೆ ಗಂಟಲೊಳಗೇ ಒಂದು ಸಣ್ಣ ಸದ್ದು ಮಾಡಿ, ಆ ಮಹಾತಾಯಿ ಹಿಂಗಾಲು ಅಗಲಿಸಿ ನಿಂತಿತು. ಮರಿಯ ಬಾಲ ಆಡತೊಡಗಿತು.

ಮಾಳವ್ವ ಇನ್ನೂ ಸೋಲಲು ಸಿದ್ಧಳಿರಲಿಲ್ಲ. "ಮೂರು ದಿನ ಕುಡದೈತಿ. ಹಾಲಿನ ವಾಸನಿ ಮರೀಗಿ ಹತ್ತೈತಿ, ಅದಕ್ಕ ಬಿಟ್ಟೈತಿ, ಅಷ್ಟ."

"ಹೌದು, ಅಷ್ಟ," ಎಂದರು ಅಜ್ಜನವರು. "ಈಗ ಆ ಮರಿ ಮೈಯಾಗ ಇರೂದು ಈ ಕುರೀದ ಹಾಲು."

ಅವರು ಶಾಸ್ತ್ರ ಹೇಳಲಿಲ್ಲ, ಪುಣ್ಯದ ಆಸೆ ತೋರಿಸಲಿಲ್ಲ, ನಿನ್ನ ಧರ್ಮ ಇದು ಎಂದು ಗದರಿಸಲೂ ಇಲ್ಲ. ಆ ತೊಗಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬನ್ನಿಗಿಡದ ಬುಡಕ್ಕೆ ಹೋದರು. ಎಂಬತ್ತು ದಾಟಿದ ಕೈಗಳಿಂದ ತಾವೇ ಕುಳಿ ತೋಡಿ, ತೊಗಲನ್ನು ಇಟ್ಟು ಮಣ್ಣೆಳೆದರು. ಹುಟ್ಟಿ ಒಂದು ದಿನ ಬದುಕಿದ ಮರಿಗೂ ಕೈಮುಗಿಯುವ ದೊಡ್ಡತನ ಅವರದು. "ನಿನ್ನ ಕೂಸಿಗೆ ಇಲ್ಲೇ ಕುಂತು ಅಳು ಮಗಳ. ಯಾರೂ ಅವಸರ ಮಾಡೂದಿಲ್ಲ," ಎಂದು ದೂರ ಹೋಗಿ ಕುಳಿತರು.

ಮಾಳವ್ವ ಅತ್ತಳು. ಎರಡು ಸುಳಿಯ ಕೂಸನ್ನು ನೆನೆದು, ಆಗದೆ ಹೋದ ಎರಡು ಮದುವೆಗಳನ್ನು ನೆನೆದು, ಹೊಟ್ಟೆಯೊಳಗಿನದೆಲ್ಲ ಹೊರಬರುವಂತೆ ಅತ್ತಳು. ಹೊತ್ತು ನೆತ್ತಿಗೆ ಬರುವ ವೇಳೆಗೆ ಕಣ್ಣೊರೆಸಿಕೊಂಡು ಎದ್ದು, ಅತ್ತೆಯ ಮಡಿಲಿನಿಂದ ಕೂಸನ್ನು ತೆಗೆದುಕೊಂಡಳು. ಅತ್ತೆ ಮತ್ತೆ ಕಟ್ಟಿದ್ದ ಕೆಂಪು ದಾರದ ಕುಲಾವಿಯ ಗಂಟು ಬಿಚ್ಚಿದಳು. ಅದನ್ನು ಮಡಚಿ ಬನ್ನಿಗಿಡದ ಬುಡದಲ್ಲಿ, ಹಸಿಮಣ್ಣಿನ ಮೇಲಿಟ್ಟಳು. ಆಮೇಲೆ ಕೂಸನ್ನು ಎದೆಗೆ ಹಚ್ಚಿಕೊಂಡಳು. ಹಾಲು ಒಮ್ಮೆಗೇ ಇಳಿದು, ಕೂಸು ಉಸಿರು ಕಟ್ಟಿ ಕೆಮ್ಮಿ, ಮತ್ತೆ ಬಾಯಿಟ್ಟಿತು.

ಎರೆಹೊಲದ ಗಾಳಿ ಜೋರಾಗಿತ್ತು. ಬೌರವ್ವ ಅಂಜುತ್ತಂಜುತ್ತ ಹತ್ತಿರ ಬಂದು ತನ್ನ ಸೆರಗು ಚಾಚಿದಳು. "ಗಾಳಿ ಐತವ್ವಾ. ಕೂಸಿನ ತಲೀಗಿ ಏನರ ಕಟ್ಟೋಣು."

ಮಾಳವ್ವ ಆ ಒಂಟಿ ಸುಳಿಯ ಮೇಲೆ ಅಂಗೈ ಇಟ್ಟು ನೋಡುತ್ತಲೇ ಇದ್ದಳು.

"ಬ್ಯಾಡ ಅತ್ತಿ," ಎಂದಳು. "ಇವನ ತಲಿ ನನಗ ಕಾಣ್ಲಿ."